ನಲವತ್ತು ಸೂಕ್ತಿ ಕಳಿಸಿದ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ನಲವತ್ತು ಸೂಕ್ತಿಗಳನ್ನು ಎರಡು ಸಲ ಓದಿದೆ. ಮೂವತ್ತರಲ್ಲಿ ‘ಈ ಜನ’ ಬರುತ್ತಾರೆ. ಈ ಜನ ಸ್ವಾರ್ಥಿಗಳು, ಈ ಜನ ಕೃತಘ್ನರು. ಆ ಗುಂಪಿನಲ್ಲಿ ನೀನೆಲ್ಲಿದ್ದೀಯೆ ಎಂದು ಹುಡುಕಿದೆ, ಸಿಗಲಿಲ್ಲ.

ಲಾ ರೋಶ್‌ಫೂಕೋ ಎಂಬ ಫ್ರೆಂಚ್ ಡ್ಯೂಕನ ಸೂಕ್ತಿಗಳನ್ನು ಓದು. 1613ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಹದಿನಾಲ್ಕಕ್ಕೆ ಮದುವೆ, ಆಮೇಲೆ ಸೈನ್ಯ, ಅರಮನೆಯ ಪಿತೂರಿಗಳು. ರಾಣಿಯ ಪಕ್ಷ ವಹಿಸಿ ಮಂತ್ರಿ ರಿಷೆಲ್ಯೂವಿನ ಕೋಪಕ್ಕೆ ಗುರಿಯಾಗಿ ಬ್ಯಾಸ್ಟೀಲ್ ಸೆರೆಮನೆಯನ್ನೂ ಕಂಡ. ಮುಂದೆ ಫ್ರೋಂದ್ ದಂಗೆಯಲ್ಲಿ ಆಸ್ಥಾನದ ವಿರುದ್ಧವೇ ಕತ್ತಿ ಹಿಡಿದ. 1652ರ ಜುಲೈನಲ್ಲಿ ಪ್ಯಾರಿಸ್ಸಿನ ಅಂಚಿನ ಕಾಳಗದಲ್ಲಿ ಮುಖಕ್ಕೆ ಗುಂಡು ತಗುಲಿ ಕಣ್ಣೇ ಹೋಗುವುದರಲ್ಲಿತ್ತು. ದಂಗೆ ಸೋತಿತು. ಸೂಕ್ತಿಕಾರ ಹುಟ್ಟಿದ್ದು ಆಮೇಲೆ.

ಅದೂ ಒಂದು ಆಟವಾಗಿ. ಮಾದಾಂ ದ ಸಾಬ್ಲೆ ಎಂಬಾಕೆಯ ಮನೆಯಲ್ಲಿ ಸೇರುತ್ತಿದ್ದ ಗೆಳೆಯರು ವಾಕ್ಯಗಳನ್ನು ಕಟ್ಟಿ, ಒಬ್ಬರಿಗೊಬ್ಬರು ಕಳಿಸಿ, ತಿದ್ದುತ್ತಿದ್ದರು. ಒಮ್ಮೆ ಈತ ತನ್ನಲ್ಲಿದ್ದ ಸೂಕ್ತಿಗಳನ್ನೆಲ್ಲ ಆಕೆಗೆ ಕಳಿಸಿ, ಪುಕ್ಕಟೆ ಯಾರೂ ಏನನ್ನೂ ಕೊಡುವುದಿಲ್ಲವೆಂದು ಕ್ಯಾರೆಟ್ ಸೂಪನ್ನೂ ಕುರಿಮಾಂಸದ ಅಡುಗೆಯನ್ನೂ ಕೇಳಿದ! ನನಗೆ ಈ ಡ್ಯೂಕ್ ಹಿಡಿಸಿದ್ದೇ ಅಲ್ಲಿ.

1665ರ ಮೊದಲ ಅಧಿಕೃತ ಮುದ್ರಣದಲ್ಲಿ ಅವನ ಹೆಸರಿರಲಿಲ್ಲ. 1678ರ ಹೊತ್ತಿಗೆ ಐದು ಮುದ್ರಣಗಳಾದವು, ಸೂಕ್ತಿಗಳು 504ಕ್ಕೆ ಏರಿದವು. ಆದರೆ ಅವನು ಕಿತ್ತು ಹಾಕಿದ್ದನ್ನು ನೋಡು. ಮೊದಲ ಮುದ್ರಣದ ಬಾಗಿಲಲ್ಲೇ ಸ್ವಪ್ರೇಮವನ್ನು ಕುರಿತ ಪುಟಗಟ್ಟಲೆ ಉದ್ದದ ಬರಹವಿತ್ತು. ಅವನ ವಿಚಾರದ ಬೇರೇ ಅದು. ಎರಡನೆಯ ಮುದ್ರಣದಲ್ಲಿ ಅದಿಲ್ಲ. ನೀನಾಗಿದ್ದರೆ ತೆಗೆಯುತ್ತಿದ್ದೆಯಾ? ನಾನಂತೂ ತೆಗೆಯುತ್ತಿರಲಿಲ್ಲ.

ಅವನ ಅತಿ ಪ್ರಸಿದ್ಧ ಮಾತು ಇದು: ‘ನಮ್ಮ ಸದ್ಗುಣಗಳು ಬಹುಪಾಲು ವೇಷ ಮರೆಸಿಕೊಂಡ ದುರ್ಗುಣಗಳೇ.’ ‘ನಮ್ಮ’ ತೆಗೆದರೆ ಬೈಗುಳ, ‘ಬಹುಪಾಲು’ ತೆಗೆದರೆ ಸುಳ್ಳು. ನಿನ್ನ ಸೂಕ್ತಿಗಳಲ್ಲಿ ಇವೆರಡೂ ಇಲ್ಲ.

ಅವನು ಹೇಳಿದ್ದನ್ನೆಲ್ಲ ಒಪ್ಪಬೇಕಿಲ್ಲ. ಕಾದಂಬರಿಗಾರ್ತಿ ಮಾದಾಂ ದ ಲಾ ಫಯೆತ್ ಕೂಡ ಮೊದಲು ಓದಿದಾಗ, ಇದನ್ನೆಲ್ಲ ಊಹಿಸಲು ಎಷ್ಟು ಕೆಟ್ಟ ಮನಸ್ಸಿರಬೇಕು ಎಂದು ಬೆಚ್ಚಿದ್ದಳು. ಮುಂದೆ ಅವನ ಅತ್ಯಾಪ್ತ ಗೆಳತಿಯಾದವಳೂ ಅವಳೇ. ‘ಪರರ ಕಷ್ಟವನ್ನು ಸಹಿಸಿಕೊಳ್ಳುವಷ್ಟು ಶಕ್ತಿ ನಮ್ಮೆಲ್ಲರಲ್ಲೂ ಇದೆ’ ಎಂದವನ ಮಗ 1672ರಲ್ಲಿ ರೈನ್ ನದಿ ದಾಟುವಾಗಿನ ಕದನದಲ್ಲಿ ಸತ್ತ. ಸುದ್ದಿ ಬಂದಾಗ ಅವನ ಕಣ್ಣೀರು ಒಳಗೊಳಗೇ ಹರಿಯುತ್ತಿತ್ತು ಎಂದು, ಪತ್ರಗಳಿಗೆ ಹೆಸರಾದ ಅವನ ಗೆಳತಿ ಮಾದಾಂ ದ ಸೆವಿಞೆ ತನ್ನ ಮಗಳಿಗೆ ಬರೆದಳು. ಆರು ವರ್ಷಗಳ ಅನಂತರದ ಮುದ್ರಣದಲ್ಲೂ ಆ ಮಾತು ಹಾಗೆಯೇ ಇದೆ. ಈಗ ಅದನ್ನು ಇನ್ನೊಮ್ಮೆ ಓದಿ ನೋಡು.

ನಿನ್ನ ಹದಿನೇಳನೆಯದನ್ನು ಉಳಿಸಿಕೋ, ಅಪ್ಪನ ಫೋನ್ ಬಂದಾಗ ಕೆಲಸದ ಗಡಿಬಿಡಿ ನಟಿಸಿದ್ದನ್ನು ಬರೆದೆಯಲ್ಲ, ಅದು. ಅದರಲ್ಲಿ ಮೂರು ಪದ ಹೆಚ್ಚಾಗಿವೆ. ಯಾವುವೆಂದು ನಾನು ಹೇಳುವುದಿಲ್ಲ.

ನಿನ್ನ
ಅಣ್ಣ