ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿಗೂ ಫರ್ಮ್‌ವೇರ್ ಅಪ್‌ಡೇಟ್ ಬೇಕು

ಸಂಪಾದಕರೇ, ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಆಮೇಲೆ ಟಿಳಕವಾಡಿಯ ನಮ್ಮ ಓಣಿಯಲ್ಲೇ ಮೂರು ಮನೆಯವರಿಗೆ ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟೆ. ಮೂರೂ ಚೆನ್ನಾಗಿ ನಡೆಯುತ್ತಿವೆ. ಆದರೆ ಡಿಪ್ಲೊಮಾ ಓದುವ ನಮ್ಮ ಅಕ್ಕನ ಮಗಳಿಗೆ ಆದದ್ದು ಬೇರೆ. ಅವಳ ಲಿನಕ್ಸ್ ಲ್ಯಾಪ್‌ಟಾಪ್ ಮುಚ್ಚಳ ಹಾಕಿದರೆ ಮತ್ತೆ ಏಳುತ್ತಿರಲಿಲ್ಲ. ರಿಪೇರಿ ಅಂಗಡಿಯವರು 'ಬಯೋಸ್ ಹಳೇದು, ಲಿನಕ್ಸಿನಲ್ಲಿ ಅಪ್‌ಡೇಟ್ ಆಗಲ್ಲ' ಎಂದು ಎಲ್ಲ ಅಳಿಸಿ ವಿಂಡೋಸ್ ಹಾಕಿಕೊಟ್ಟರು. (ಬಯೋಸ್ ಅಂದರೆ ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ, ಯಂತ್ರದೊಳಗೇ ಇರುವ ತಂತ್ರಾಂಶ; ಇಂಥ ತಂತ್ರಾಂಶಕ್ಕೇ ಫರ್ಮ್‌ವೇರ್ ಎನ್ನುವುದು.) ಅವಳ ಪ್ರಾಜೆಕ್ಟ್ ಫೈಲುಗಳೂ ಹೋದವು. ನನಗೆ ಇವತ್ತಿಗೂ ಬೇಜಾರಿದೆ, ಯಾಕಂದ್ರೆ ಅದು ಬೇಕಾಗಿಯೇ ಇರಲಿಲ್ಲ.

ಲಿನಕ್ಸಿನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡಲು ಎಫ್‌ಡಬ್ಲ್ಯುಯುಪಿಡಿ ಎಂಬ ಸಾಧನ 2015ರಿಂದಲೇ ಇದೆ, ರಿಚರ್ಡ್ ಹ್ಯೂಸ್ ಎಂಬುವರು ಶುರು ಮಾಡಿದ್ದು. ಡೆಲ್, ಲೆನೊವೊ, ಎಚ್‌ಪಿಯಂಥ ಕಂಪನಿಗಳು ತಮ್ಮ ಫರ್ಮ್‌ವೇರನ್ನು ಎಲ್‌ವಿಎಫ್‌ಎಸ್ ಎಂಬ ಸರ್ವರಿಗೆ ಹಾಕುತ್ತವೆ, ನಮ್ಮ ಲ್ಯಾಪ್‌ಟಾಪ್ ಅಲ್ಲಿಂದ ಇಳಿಸಿಕೊಂಡು, ರೀಸ್ಟಾರ್ಟ್ ಆಗುವಾಗ ಹಾಕಿಕೊಳ್ಳುತ್ತದೆ. ಉಬುಂಟು 24.04ರಲ್ಲಂತೂ 'ಫರ್ಮ್‌ವೇರ್ ಅಪ್‌ಡೇಟರ್' ಎಂಬ ಆ್ಯಪ್ಪೇ ಇದೆ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಮುಟ್ಟಬೇಕಿಲ್ಲ. ಬಯೋಸ್ ಅಷ್ಟೇ ಅಲ್ಲ, ಫೈಲುಗಳನ್ನು ಇಡುವ ಕೆಲವು ಎಸ್‌ಎಸ್‌ಡಿ ಡಿಸ್ಕುಗಳಿಗೂ, ಮಾನಿಟರ್, ಕೀಬೋರ್ಡ್ ಜೋಡಿಸುವ ಡಾಕ್‌ಗಳಿಗೂ ಇದರಿಂದಲೇ ಅಪ್‌ಡೇಟ್ ಸಿಗುತ್ತದೆ.

ಎಲ್ಲ ಮಾಡೆಲ್‌ಗಳೂ ಅಲ್ಲಿ ಇರುವುದಿಲ್ಲ, ಅದನ್ನೂ ಹೇಳಬೇಕು. ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಿಂದ ಫೈಲ್ ಇಳಿಸಿ ಪೆನ್‌ಡ್ರೈವಿಗೆ ಹಾಕಿ ಬಯೋಸ್ ಮೆನುವಿನಿಂದಲೇ ಏರಿಸಲು ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆಗುತ್ತದೆ.

'ಲಿನಕ್ಸ್‌ಗೆ ವೈರಸ್ ಬರಲ್ಲ, ಅಪ್‌ಡೇಟ್ ಯಾಕೆ?' ಎಂದು ಸುಮ್ನೆ ಕೂರುವವರೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ಲೋಗೋಫೇಲ್ ಎಂಬ ದೋಷ ಬಯಲಾಯಿತು. ಲ್ಯಾಪ್‌ಟಾಪ್ ಆನ್ ಆದಾಗ ಕಾಣುವ ಕಂಪನಿಯ ಲೋಗೋ ಚಿತ್ರವನ್ನು ಓದುವ ಕೋಡಿನಲ್ಲೇ ತಪ್ಪಿತ್ತು, ಕೆಟ್ಟ ಚಿತ್ರವೊಂದನ್ನು ಅಲ್ಲಿ ಸೇರಿಸಿದರೆ ಲಿನಕ್ಸ್ ಏಳುವ ಮೊದಲೇ ಕಳ್ಳ ಒಳಗೆ ಬಂದುಬಿಡಬಹುದು. ಅದಕ್ಕೆ ಮದ್ದು ಫರ್ಮ್‌ವೇರ್ ಅಪ್‌ಡೇಟೇ, ಅಲ್ವಾ?

ಅಪ್‌ಡೇಟ್ ಮಾಡುವಾಗ ಫೈಲುಗಳ ಬ್ಯಾಕಪ್ ಇರಲಿ, ಚಾರ್ಜರ್ ಹಚ್ಚಿರಲಿ, ಬ್ಯಾಟರಿಯೂ ತುಂಬಿರಲಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅರ್ಧದಲ್ಲಿ ನಿಂತರೆ ಲ್ಯಾಪ್‌ಟಾಪ್ ಏಳದೇ ಹೋದೀತು.

ಬೆಳಗಾವಿಯ ಕಾಲೇಜುಗಳವರಲ್ಲಿ ನನ್ನದೊಂದು ವಿನಂತಿ. ಲ್ಯಾಬಿಗೆ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಆ ಮಾಡೆಲ್ ಎಲ್‌ವಿಎಫ್‌ಎಸ್‌ನಲ್ಲಿ ಇದೆಯಾ ಅಂತ ನೋಡಿ. ಸೆಮಿಸ್ಟರ್ ಶುರುವಾಗುವ ಮುನ್ನ ಒಂದು ದಿನ ಎಲ್ಲ ಯಂತ್ರಗಳಿಗೂ ಅಪ್‌ಡೇಟ್ ಹಾಕಿಸಿ.

– ಓದುಗ, ಟಿಳಕವಾಡಿ, ಬೆಳಗಾವಿ