ಅರ್ಧ ನೆಲ ಬೆಚ್ಚಗೆ, ಅರ್ಧ ನೆಲ ತಣ್ಣಗೆ: ನಾಲ್ಕನೆಯ ಮತ್ತು ಕೊನೆಯ ದೂರು

ಹುಬ್ಬಳ್ಳಿ, ಜನವರಿ 19

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಉಣಕಲ್ ಭಾಗದ ನಮ್ಮ ಮನೆಯ ನೆಲಮಾಳಿಗೆಗೆ ನೀವು ಹಾಕಿಕೊಟ್ಟ ವಿದ್ಯುತ್ ನೆಲ-ಹೀಟರ್

ಮಾನ್ಯರೇ,

ಈ ವಿಷಯವಾಗಿ ನಿಮ್ಮ ಸಹಾಯವಾಣಿಗೆ ಮೂರು ಸಲ ಸಮಾಧಾನದಿಂದಲೇ ಮಾತಾಡಿದ್ದೇನೆ. ಇದು ನಾಲ್ಕನೆಯದು, ಬರಹದಲ್ಲಿ. ನಿಮ್ಮ ಹುಡುಗರು ಪೆಟ್ಟಿಗೆಯಲ್ಲೇ ಬಿಟ್ಟುಹೋದ 24 ಪುಟದ ಕೈಪಿಡಿಯನ್ನು ನಾನು ಓದಿದ್ದೇನೆ. ನೀವೂ ಓದಿರುತ್ತೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಹಾಕಿದ್ದು ಇಷ್ಟು. ಕಪಾಟಿನ ಕೆಳಗಿನ ಜಾಗ ಬಿಟ್ಟು 10 ಚದರ ಮೀಟರ್ ನೆಲ. ಅದಕ್ಕೆ ಬಿಸಿಯಾಗುವ ಕೇಬಲ್ ಹೆಣೆದ, 5 ಚದರ ಮೀಟರಿನ ಎರಡು ಮ್ಯಾಟ್, ಚದರ ಮೀಟರಿಗೆ 150 ವ್ಯಾಟ್. ಅಂದರೆ ಒಂದೊಂದು 750 ವ್ಯಾಟ್, ಒಟ್ಟು 1500. ಎರಡರ ತಂತಿಯೂ ಒಂದೇ ಥರ್ಮೋಸ್ಟಾಟಿಗೆ ಸಮಾನಾಂತರವಾಗಿ ಸೇರುತ್ತವೆ. 230 ವೋಲ್ಟಿನಲ್ಲಿ ಒಂದು ಮ್ಯಾಟಿನ ರೋಧ 70.5 ಓಮ್, ಎರಡೂ ಸೇರಿದಾಗ 35.3. ಕರೆಂಟ್ 6.5 ಆಂಪಿಯರ್ ಎಳೆಯಬೇಕು. ಎಳೆಯುತ್ತಿರುವುದು 3.2. ಥರ್ಮೋಸ್ಟಾಟಿನ ಎರಡು ತಂತಿ ಬಿಚ್ಚಿ ಮೀಟರ್ ಹಿಡಿದರೆ 70.9 ಓಮ್. ಒಂದು ಮ್ಯಾಟ್ ತುಂಡಾಗಿದೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೂ ಬೇಕಾಗಬಾರದು.

ತುಂಡಾದದ್ದು ಹೇಗೆ ಎನ್ನುವುದಕ್ಕೂ ಬಹಳ ಹುಡುಕಬೇಕಿಲ್ಲ. ಮ್ಯಾಟಿನ ಮೇಲೆ ಅಂಟು ಹರಡಲು ಪ್ಲಾಸ್ಟಿಕ್ ಹಲ್ಲಿನ ಕರಣಿ ಬಳಸಿ ಎಂದು ಕೈಪಿಡಿ ಹೇಳುತ್ತದೆ. ನೀವು ಕಳಿಸಿದ ಗೌಂಡಿಯ ಕೈಯಲ್ಲಿದ್ದದ್ದು ಉಕ್ಕಿನದು. ಮೂಲೆಯ ಟೈಲನ್ನು ಹೊರಗೆ ಕೊಯ್ಯದೆ, ಹಾಸಿದ ಕೇಬಲ್ಲಿನ ಪಕ್ಕದಲ್ಲೇ ಗ್ರೈಂಡರ್ ಓಡಿಸಿದ. ಕೇಬಲ್ಲಿಗೆ ಏಟು ಬಿದ್ದರೆ ಆ ಕ್ಷಣವೇ ತಿಳಿಯಲಿ ಎಂದೇ ಮೂರು ಸಲ ಅಳತೆ ಮಾಡುವ ನಿಯಮ ಇರುವುದು: ಹಾಸುವ ಮೊದಲು, ಹಾಸಿದ ಮೇಲೆ, ಟೈಲ್ ಕೂಡಿಸಿದ ಮೇಲೆ. ಎರಡನೆಯ ಅಳತೆಯಲ್ಲಿ ಸಿಕ್ಕಿಬಿದ್ದರೆ ಒಂದು ಮ್ಯಾಟ್ ಬದಲಿಸಿದರೆ ಮುಗಿಯಿತು. ಆಮೇಲಾದರೆ ನೆಲವನ್ನೇ ಒಡೆಯಬೇಕು.

ಈಗ ವಾರಂಟಿ ಕಾರ್ಡ್ ನೋಡಿ. ಮೂರೂ ಅಳತೆಗೆ ಮೂರು ಚೌಕ. ಮೂರರಲ್ಲೂ 35.3, ಒಂದೇ ನೀಲಿ ಪೆನ್ನು, ಒಂದೇ ದಿನಾಂಕ, ಅಕ್ಟೋಬರ್ 9. ಟೈಲ್ ನಮ್ಮ ಮನೆಗೆ ಇಳಿದದ್ದು ಅಕ್ಟೋಬರ್ 11ರಂದು, ರಸೀದಿ ಲಗತ್ತಿಸಿದ್ದೇನೆ. ಬಾರದ ಟೈಲಿನ ಮೇಲೆ ಅಳತೆ ಮಾಡಿದ ನಿಮ್ಮವರ ದೂರದೃಷ್ಟಿಗೆ ನಮಸ್ಕಾರ. ಅದಿರಲಿ, ಹಾಸುವ ಮೊದಲು ಎರಡು ಮ್ಯಾಟೂ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದವಲ್ಲ, ಆಗ 35.3 ಬಂದದ್ದು ಎಲ್ಲಿಂದ? ಯಾವ ಮ್ಯಾಟಿಗೆ ಮೀಟರ್ ಹಿಡಿದರೂ 70.5ರ ಆಸುಪಾಸು ಬರಬೇಕು. ಅದು ಮೀಟರಿನಲ್ಲಿ ಬಂದ ಅಂಕಿಯಲ್ಲ, ಕ್ಯಾಲ್ಕ್ಯುಲೇಟರಿನಲ್ಲಿ ಬಂದದ್ದು.

ಎರಡನೆಯ ವಿಷಯ ಇನ್ಸುಲೇಷನ್ ಬೋರ್ಡ್. ಬಿಲ್ಲಿನಲ್ಲಿ 10 ಮಿಲಿಮೀಟರಿನ 14 ಬೋರ್ಡ್ ಇವೆ. ಒಂದೊಂದು 1200ಕ್ಕೆ 600, 10 ಚದರ ಮೀಟರಿಗೆ ಲೆಕ್ಕ ಸರಿಯಾಗಿದೆ. ಲೆಕ್ಕ ಮಾತ್ರ ಸರಿ. ಬೋರ್ಡಿನ ಕೆಳಗೆ ಅಂಟು 3, ಬೋರ್ಡ್ 10, ಮ್ಯಾಟ್ ಮುಚ್ಚುವ ಅಂಟು 8, ಟೈಲ್ 9, ಒಟ್ಟು 30 ಮಿಲಿಮೀಟರ್ ನೆಲ ಏರಬೇಕಿತ್ತು. ಹೊಸ್ತಿಲ ಹತ್ತಿರ ಪಟ್ಟಿ ಹಿಡಿದರೆ 18. ಬೋರ್ಡ್ ಎಲ್ಲಿಗೆ ಹೋದವೋ ನಿಮ್ಮ ಗೋದಾಮಿಗೇ ಗೊತ್ತು. ನಮ್ಮ ಮನೆ ನಿಂತಿರುವುದು ಎರೆ ಮಣ್ಣಿನ ಮೇಲೆ, ಮಳೆಗಾಲದ ತೇವ ಅದರಲ್ಲಿ ಬಹಳ ದಿನ ನಿಲ್ಲುತ್ತದೆ. ಬೋರ್ಡ್ ಇಲ್ಲದಿದ್ದರೆ ಬಿಸಿ ಮೇಲಕ್ಕೆ ಬರುವ ಮೊದಲು ಕೆಳಗಿನ ಕಾಂಕ್ರೀಟಿಗೆ, ಅಲ್ಲಿಂದ ಮಣ್ಣಿಗೆ ಹೋಗುತ್ತದೆ. ಬದುಕಿರುವ ಅರ್ಧಭಾಗವೂ ಎರಡೂವರೆ ಗಂಟೆಯಾದರೂ 22 ಡಿಗ್ರಿ ದಾಟುವುದಿಲ್ಲ, 26ಕ್ಕೆ ಇಟ್ಟ ಥರ್ಮೋಸ್ಟಾಟ್ ಒಮ್ಮೆಯೂ ಆಫ್ ಆಗುವುದಿಲ್ಲ. ಅರ್ಧ ಹೀಟರೇ ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 180 ಯೂನಿಟ್ ತಿನ್ನುತ್ತಿದೆ. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. "ಗೃಹಜ್ಯೋತಿ ಒಳಗ ಕೂಡತೈತ್ರಿ" ಎಂದ ನಿಮ್ಮ ಮಾರಾಟದವರ ಮಾತು ನಂಬಿ ಹಾಕಿಸಿದ್ದಲ್ಲ, ಬಿಲ್ ಕಟ್ಟಲು ತಯಾರಾಗಿಯೇ ಹಾಕಿಸಿದ್ದು. ದುಡ್ಡು ಕೊಟ್ಟು ಭೂಮಿತಾಯಿಯನ್ನು ಬೆಚ್ಚಗಿಡುತ್ತೇವೆ ಎಂದು ಮಾತ್ರ ಗೊತ್ತಿರಲಿಲ್ಲ.

ನೆಲದ ಬಿಸಿ ಅಳೆದು ಥರ್ಮೋಸ್ಟಾಟಿಗೆ ತಿಳಿಸುವ ಸೆನ್ಸರ್ ತಂತಿಗೆ ಪೈಪೂ ಇಲ್ಲ. ನೇರ ಅಂಟಿನಲ್ಲಿ ಹೂತಿದ್ದಾರೆ, ಎಳೆದರೆ ಕದಲುವುದಿಲ್ಲ. ನಾಳೆ ಸೆನ್ಸರ್ ಕೆಟ್ಟರೆ ಅದಕ್ಕೂ ನೆಲವನ್ನೇ ಒಡೆಯಬೇಕು.

ಇನ್ನು ಜನವರಿ 16ರ ಭೇಟಿ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿಮ್ಮ ದಾಖಲೆಯಲ್ಲಿ ಅದು "ಗ್ರಾಹಕರು ತೃಪ್ತರು" ಎಂದಷ್ಟೇ ಉಳಿಯುತ್ತದೆ.

ಹತ್ತಕ್ಕೆ ಬರುತ್ತೇನೆಂದ ನಿಮ್ಮ ಸರ್ವಿಸ್ ಎಂಜಿನಿಯರ್ ಬಂದದ್ದು ಸಂಜೆ 4.40ಕ್ಕೆ. ಬೂಟು ಬಿಚ್ಚದೆ ಕೆಳಗಿಳಿದರು. ಮೊದಲ ಮಾತು, "ಸಾಹೇಬ್ರು ಮನ್ಯಾಗ ಇಲ್ಲೇನ್ರಿ?"

"ಕೆಲಸ ಮಾಡಿಸಿದಾಕಿ ನಾನು. ನನ್ನ ಜೋಡಿನ ಮಾತಾಡ್ರಿ."

ಬೆಚ್ಚಗಿರುವ ಅರ್ಧದ ಮೇಲೆ ಅಂಗೈ ಇಟ್ಟು, "ಬೆಚ್ಚಗ ಐತಲ್ರಿ ಅಕ್ಕಾರ," ಎಂದರು. ಆ ಕಡೆ ಇಟ್ಟು ನೋಡ್ರಿ ಎಂದೆ. ಇಟ್ಟರು. "ನೆಲಾ ಅಂದ್ರ ತಂಪ ಇರೂದರೀ. ಇದೇನು ರೊಟ್ಟಿ ಹಂಚೇನ್ರಿ, ಕೈ ಸುಡಾಕ?"

ಮೀಟರ್ ತಂದಿರಲಿಲ್ಲ. ನಮ್ಮದನ್ನೇ ಕೊಟ್ಟೆ. 70.9 ತೋರಿಸಿತು.

"ಬಂತ ನೋಡ್ರಿ. ವಾಯರ್ ಕಟ್ ಆಗಿದ್ರ ಏನರೆ ತೋರಸ್ತಿತ್ತೇನ್ರಿ?"

"ಎರಡೂ ಮ್ಯಾಟ್ ಚಾಲೂ ಇದ್ರ 35 ಬರಬೇಕು. 71 ಬಂದೈತಿ."

"ಜಾಸ್ತಿನ ಐತಲ್ರಿ. ಛಲೋನ ಆತು."

ನಾನು ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಅವರು ಹಾಳೆಯನ್ನು ಮಡಿಚಿ ಟೀಪಾಯಿ ಮೇಲಿಟ್ಟು, "ಯೂಟ್ಯೂಬ್ ನೋಡಿ ನಮಗ ಕಲಸಬ್ಯಾಡ್ರಿ ಅಕ್ಕಾರ," ಎಂದರು. ಅಷ್ಟರಲ್ಲಿ ಹತ್ತನೆಯ ತರಗತಿ ಓದುವ ನನ್ನ ಮಗ ಟ್ಯೂಷನ್ನಿನಿಂದ ಬಂದ. ನಿಮ್ಮ ಎಂಜಿನಿಯರ್ ಎದ್ದು ನಿಂತು, "ಬರ್ರಿ ಸರ್, ನಿಮಗ ತಿಳಸಿ ಹೇಳ್ತೀನಿ," ಎಂದು ಅವನಿಗೆ ಹತ್ತು ನಿಮಿಷ ವಿವರಿಸಿದರು. ಹುಡುಗ ನನ್ನ ಮುಖ ನೋಡಿದ. ಹಾಳೆ ಟೀಪಾಯಿ ಮೇಲೇ ಇತ್ತು.

ನೆಲ ಒರೆಸಿದ ದಿನ, ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ ಎಂದು ಕೊನೆಗೆ ಹೇಳಿದೆ. ಅದಕ್ಕವರ ಉಪಾಯ ಇದು: "ಆ ಡಬ್ಬಿ ತಗದು ಡೈರೆಕ್ಟ್ ಕೊಟ್ಟುಬಿಡ್ತೀನ್ರಿ. ಮತ್ತ ಬೀಳಂಗೇ ಇಲ್ಲ."

ಸ್ವಾಮಿ, ಇದನ್ನು ನಿಧಾನವಾಗಿ ಓದಿ. ತುಂಡಾದ ಮ್ಯಾಟನ್ನು ಥರ್ಮೋಸ್ಟಾಟಿನಿಂದ ಬೇರ್ಪಡಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಕೇಬಲ್ಲಿನ ಹೊದಿಕೆ ಕರೆಂಟ್ ತಡೆಯುತ್ತದೆಯೇ ಎಂದು ನೋಡುವ 500 ವೋಲ್ಟ್ ಮೆಗ್ಗರ್ ಹಿಡಿಸಿದ್ದೇನೆ. ಅರ್ಥಿಂಗಿಗೆ 0.4 ಮೆಗಾ ಓಮ್, ಅದೂ ಒಣ ದಿನ. ನಿಮ್ಮ ಕೈಪಿಡಿ ಕೇಳುವುದು ಕನಿಷ್ಠ 10. ನೆಲ ಒದ್ದೆಯಾದಾಗ ಗ್ರೌಟಿನಿಂದ ನೀರಿಳಿದು ಗಾಯದ ಜಾಗದಲ್ಲಿ ಕರೆಂಟ್ ಸೋರುತ್ತದೆ. ಹೆಚ್ಚು ಕರೆಂಟ್ ಹರಿದರೆ ಮಾತ್ರ ಬೀಳುವ 10 ಆಂಪಿಯರಿನ ಎಂಸಿಬಿಗೆ ಅಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ ಮಾತ್ರ. ಆ ನೆಲದ ಮೇಲೆ ಮನೆಯ ಹಿರಿಯರು ಬರಿಗಾಲಲ್ಲಿ ಓಡಾಡುತ್ತಾರೆ, ಚಾಪೆ ಹಾಸಿ ಕೂರುತ್ತಾರೆ. ನಿಮ್ಮ ಇಡೀ ಕೆಲಸದಲ್ಲಿ ನೆಟ್ಟಗೆ ಕೆಲಸ ಮಾಡುತ್ತಿರುವುದು ಆ ಡಬ್ಬಿ ಒಂದೇ. ಅದನ್ನೇ ತೆಗೆಯಲು ಹೊರಟಿದ್ದರು. ಈಗ ಎರಡೂ ಮ್ಯಾಟಿನ ಸಂಪರ್ಕ ತಪ್ಪಿಸಿಟ್ಟಿದ್ದೇನೆ.

ಹೊರಡುವಾಗ, "ಮೊಬೈಲಿಗೆ ಓಟಿಪಿ ಬಂದೈತಿ, ಹೇಳ್ರಿ. ಅದನ್ನ ಹಾಕಿದ್ರನ ಸ್ಪೇರ್ ಆರ್ಡರ್ ಆಕ್ಕೈತಿ," ಎಂದರು. ಸಂದೇಶದಲ್ಲಿ ಇದ್ದದ್ದು, ದೂರು ಬಗೆಹರಿದಿದ್ದರೆ ಮಾತ್ರ ಈ ಸಂಖ್ಯೆ ತಿಳಿಸಿ ಎಂದು. ನಾನು ಹೇಳಲಿಲ್ಲ. ಆದರೂ ಆ ರಾತ್ರಿ 9.12ಕ್ಕೆ ದೂರು ಮುಕ್ತಾಯವಾಗಿದೆ ಎಂಬ ಸಂದೇಶ ಬಂತು. ಐದು ನಕ್ಷತ್ರ ಕೊಡಿ ಎಂದೂ ಇತ್ತು.

ಆಗಬೇಕಾದದ್ದು ನಿಮಗೆ ಗೊತ್ತೇ ಇದೆ. ಒಂದು ಟೈಲ್ ಎತ್ತಿ ಕೇಬಲ್ಲಿಗೆ ಜೋಡಣೆ ಹಾಕಿ ಕೈತೊಳೆದುಕೊಳ್ಳುತ್ತೇವೆ ಎಂದರೆ ನಾನು ಒಪ್ಪುವುದಿಲ್ಲ. ಬೋರ್ಡೇ ಇಲ್ಲದ ನೆಲಕ್ಕೆ ತೇಪೆ ಹಚ್ಚಿ ಉಪಯೋಗವಿಲ್ಲ. ಪೂರ್ತಿ ಎಬ್ಬಿಸಿ, 14 ಬೋರ್ಡ್ ಹಾಕಿ, ಹೊಸ ಮ್ಯಾಟ್, ಕೇಬಲ್ಲಿನ ಎರಡು ಸುತ್ತಿನ ನಡುವೆ ಪೈಪಿನಲ್ಲಿ ಸೆನ್ಸರ್, ಗೋಡೆಯಂಚಿಗೆ ಫೋಮ್ ಪಟ್ಟಿ, ಬಾಗುವ ಗುಣದ ಎಸ್1 ಅಂಟು. ಮೂರೂ ಅಳತೆ ನನ್ನ ಎದುರಿಗೆ, ಒಂದೊಂದು ಮ್ಯಾಟಿಗೆ ಬೇರೆ ಬೇರೆಯಾಗಿ. ಅಂಟು ಒಣಗಲು 7 ದಿನ ಬಿಟ್ಟೇ ಚಾಲೂ ಮಾಡುವುದು. ಇಲ್ಲವೇ 1,26,400 ರೂಪಾಯಿ ಪೂರ್ತಿ ವಾಪಸ್ ಕೊಟ್ಟು, ನೆಲವನ್ನು ಮೊದಲಿದ್ದಂತೆ ಮಾಡಿಕೊಡಿ.

ಇವತ್ತಿನಿಂದ 15 ದಿನ. ಅಷ್ಟರಲ್ಲಿ ಬಾರದಿದ್ದರೆ ನಾನೇ ಟೈಲ್ ಎಬ್ಬಿಸುತ್ತೇನೆ, ಇಬ್ಬರು ಸಾಕ್ಷಿಗಳ ಎದುರು, ವಿಡಿಯೋ ಮಾಡಿಸಿ, ಕೆಳಗೆ ಬೋರ್ಡ್ ಇದೆಯೋ ಇಲ್ಲವೋ ಊರೇ ನೋಡಲಿ. ಆಮೇಲೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಪ್ರತಿ ತಾರೀಖಿಗೂ ಬೆಂಗಳೂರಿನಿಂದ ಬರಬೇಕು. ನನಗೆ ಉಣಕಲ್ಲಿನಿಂದ ಒಂದು ಬಸ್ಸು. ಆ ವಾರಂಟಿ ಕಾರ್ಡಿಗೆ ಯಾರ ಸಹಿ ಇದೆಯೋ ಅವರನ್ನು ಸಾಕ್ಷಿಕಟ್ಟೆಗೆ ಕರೆಸಿ, ಅಕ್ಟೋಬರ್ 9ರಂದು ಯಾವ ಟೈಲಿನ ಮೇಲೆ ಮೀಟರ್ ಹಿಡಿದಿರಿ ಎಂದು ಕೇಳಿಸುತ್ತೇನೆ. ನೀವು ಕೇಳಿದ ಆ ಓಟಿಪಿಯನ್ನೂ ಅಲ್ಲೇ ಹೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
(ಹೆಸರು ವಾರಂಟಿ ಕಾರ್ಡಿನಲ್ಲಿದೆ. ಅದೊಂದನ್ನು ಸರಿಯಾಗಿ ಬರೆದಿದ್ದೀರಿ.)