ಥಾರ್ ತಗೊಂಡ್ಯಾ ಅಂತ ಕೇಳಿದ್ದೆಯಲ್ಲ

ಪ್ರೀತಿಯ ದೋಸ್ತಾ,

ನೀನು ಮೂರು ಸಲ ಫೋನಿನಲ್ಲಿ ಕೇಳಿದೆ, ನಾನು ಮೂರು ಸಲವೂ ಮಾತು ಹಾರಿಸಿದೆ. ತಗೊಂಡೆ ಅಂದರೆ ಸುಳ್ಳು. ಬಿಟ್ಟೆ ಅನ್ನೋಣವೆಂದರೆ ಬಾಯಿ ಬರುವುದಿಲ್ಲ. ಇವತ್ತು ಭಾನುವಾರ, ಬೆಳಗ್ಗೆಯಿಂದ ಮಳೆ ಹಿಡಿದಿದೆ, ಕರೆಂಟ್ ಇಲ್ಲ, ನಿನ್ನ ವೈನಿ ಮಿರ್ಚಿ ಭಜಿ ಕರಿಯುತ್ತಿದ್ದಾಳೆ. ಕೂತು ಎಲ್ಲಾ ಬರೆದುಬಿಡುತ್ತೇನೆ.

ಗಾಡಿ 2013ರ ಮಹೀಂದ್ರಾ ಥಾರ್ ಜೀಪ್. ಡೀಸೆಲ್ ಎಂಜಿನ್, ಫೋರ್ ಬೈ ಫೋರ್ ಅಂದರೆ ಬೇಕೆಂದಾಗ ನಾಲ್ಕೂ ಗಾಲಿಗೆ ಎಂಜಿನ್ ಬಲ, ಮೇಲೆ ಕ್ಯಾನ್ವಾಸ್ ಟಾಪ್, ಮಹಾರಾಷ್ಟ್ರದ ನಂಬರ್. ಹುಮನಾಬಾದ್ ರಿಂಗ್ ರೋಡ್ ಹತ್ತಿರ ಒಂದು ತಗಡಿನ ಶೆಡ್‌ನಲ್ಲಿ ನಿಂತಿತ್ತು. ತೊಳೆದು, ಟೈರಿಗೆ ಕಪ್ಪು ಪಾಲಿಶ್ ಹೊಡೆದು, ಮದುವೆ ಗಂಡಿನ ಹಾಗೆ ಸಿಂಗಾರ ಮಾಡಿದ್ದರು. ನೋಡಿದ ತಕ್ಷಣ ನನ್ನ ಕೈ ಜೇಬಿನ ಕಡೆ ಹೋಯಿತು, ಸುಳ್ಳಲ್ಲ.

ಯಾಕೆ ಬೇಕು ಅಂತ ನೀನು ಕೇಳೇ ಕೇಳುತ್ತೀಯ. ಚಿತ್ತಾಪುರ ಕಡೆಯ ನಮ್ಮ ಹೊಲ ನೋಡಿದ್ದೀಯಲ್ಲ, ಡಾಂಬರು ಬಿಟ್ಟ ಮೇಲೆ ಮೂರು ಕಿಲೋಮೀಟರ್ ಬರೀ ಕಪ್ಪು ಎರೆಮಣ್ಣು. ಹೋದ ವರ್ಷ ತೊಗರಿ ನೋಡಲು ಹೋಗಿ ಕಾರು ಹೂತಿತು. ಟ್ರ್ಯಾಕ್ಟರಿಗೆ ಚೈನ್ ಕಟ್ಟಿ ಎಳೆಸಿದೆ. ಕಾರು ಬಂತು, ಬಂಪರ್ ಅದಕ್ಕಿಂತ ಮೊದಲೇ ಬಂತು. ಇದು ನಾಲ್ಕು ಜನರಿಗೆ ಹೇಳುವ ಕಾರಣ. ಇನ್ನೊಂದು ನಿನಗೆ ಗೊತ್ತಿರುವುದೇ. ಕಾಲೇಜಿಗೆ ಹೋಗುವಾಗ ಕ್ರೂಸರ್ ಜೀಪಿನ ಹಿಂದಿನ ಏಣಿಗೆ ಜೋತುಬಿದ್ದು ಬರುತ್ತಿದ್ದೆವಲ್ಲ, ಅವತ್ತಿನಿಂದ ನನಗೆ ಸ್ವಂತದ್ದೊಂದು ಜೀಪ್ ಬೇಕು.

ನೋಡಲು ಹೋಗುವಾಗ ನಮ್ಮ ಓಣಿಯ ಡ್ರೈವರ್ ಕಾಕಾನನ್ನು ಜೊತೆಗೆ ಕರೆದುಕೊಂಡೆ. ಸರ್ಕಾರಿ ಜೀಪ್ ಓಡಿಸಿ ರಿಟೈರ್ ಆದವರು. ಗಾಡಿ ಮುಂದೆ ನಿಂತು ಮೊದಲು ಏನು ಮಾಡಿದರು ಗೊತ್ತಾ? ಕೀಲಿ ಕೇಳಲಿಲ್ಲ. ಮಗುವಿಗೆ ಜ್ವರ ನೋಡುವ ಹಾಗೆ ಬಾನೆಟ್ ಮೇಲೆ ಅಂಗೈ ಇಟ್ಟರು.

"ತಮ್ಮಾ, ಬಿಸಿ ಅದ," ಅಂದರು ಮೆಲ್ಲಗೆ. "ನಾವು ಬರೂಕಿಂತ ಮುಂಚೆನೇ ಚಾಲು ಮಾಡಿ ಇಟ್ಟಾನ."

ತಣ್ಣಗಿರುವ ಡೀಸೆಲ್ ಎಂಜಿನ್ ತನ್ನ ರೋಗ ಮುಚ್ಚಿಡುವುದಿಲ್ಲವಂತೆ. ಚಾಲು ಆಗಲು ಎಷ್ಟು ಹೊತ್ತು ತಗೊಳ್ಳುತ್ತದೆ, ಎಂಥ ಹೊಗೆ ಬಿಡುತ್ತದೆ, ಎಲ್ಲಾ ಮೊದಲನೇ ಸಲಕ್ಕೇ ನೋಡಬೇಕು. ಬಿಸಿ ಮಾಡಿಟ್ಟರೆ ಅರ್ಧ ಗುಟ್ಟು ಒಳಗೇ ಉಳಿಯುತ್ತದೆ. ಕಾಕಾ ಜಗಳ ಮಾಡಲಿಲ್ಲ. "ಚಹಾ ಕುಡದು ಬರ್ತೀವ್ರಿ" ಅಂತ ಹೇಳಿ ಎದುರಿನ ಹೋಟೆಲಿನಲ್ಲಿ ಕೂತು, ಶೆಡ್ ಕಡೆ ಕಣ್ಣಿಟ್ಟು, ಮೂರು ತಾಸು ಕಳೆದರು. ಒಂದು ಕಪ್ ಚಹಾಕ್ಕೆ ಮೂರು ತಾಸು! ಹೋಟೆಲಿನವನು ನಮ್ಮ ಟೇಬಲ್ ನಾಲ್ಕು ಸಲ ಒರೆಸಿದ. ವಾಪಸ್ ಹೋದಾಗ ಬಾನೆಟ್ ಆರಿತ್ತು. ಕೀಲಿ ತಿರುಗಿಸಿದರೆ ಮೂರನೇ ಸಲಕ್ಕೆ ಎದ್ದಿತು, ಹಿಂದಿನಿಂದ ನೀಲಿ ಹೊಗೆ ಒಂದು ಸುರುಳಿ. ನೀಲಿ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ.

ಆಮೇಲೆ ಗೋಣಿತಟ್ಟು ಹಾಸಿಕೊಂಡು ಗಾಡಿ ಕೆಳಗೆ ತೂರಿದರು, ನನ್ನನ್ನೂ ಎಳೆದುಕೊಂಡರು. ಮೇಲೆ ಕನ್ನಡಿಯಂತೆ ಹೊಳೆಯುವ ಗಾಡಿ, ಕೆಳಗೆ ಸಂದಿಗೊಂದಿಯಲ್ಲಿ ಕಲ್ಲಾದ ಮಣ್ಣು. ಕಾಕಾ ಪಾನಾ ಹಿಡಿದು ಚಾಸಿಯನ್ನು, ಅಂದರೆ ಗಾಡಿಯ ಬುಡದ ಕಬ್ಬಿಣದ ಚೌಕಟ್ಟನ್ನು, ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಡಬ್ ಅಂತು. ಇನ್ನೊಂದು ಸಲ ತಟ್ಟಿದರು. ಡಬ್. ಅಲ್ಲಿ ಮಾತ್ರ ಹೊಸ ಬಣ್ಣ, ಬಣ್ಣದ ಕೆಳಗೆ ವೆಲ್ಡಿಂಗಿನ ಉಬ್ಬು. ತುಕ್ಕು ತಿಂದ ಕಡೆ ಪಟ್ಟಿ ಬಡಿದಿದ್ದಾರೆ. ನಮ್ಮದು ಒಣ ಊರು, ಇಲ್ಲೇ ಬೆಳೆದ ಗಾಡಿಗೆ ಇಷ್ಟು ತುಕ್ಕು ಹಿಡಿಯುವುದಿಲ್ಲ. ಸಮುದ್ರದ ಕಡೆ ಉಪ್ಪು ಗಾಳಿ ಕುಡಿದು ಬಂದಿರಬೇಕು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇತ್ತು, 2317. ಅಂದರೆ 2017ರ 23ನೇ ವಾರದಲ್ಲಿ ಮಾಡಿದ್ದು. ಪಾಲಿಶ್ ಹೊಡೆದರೆ ವಯಸ್ಸು ಇಳಿಯುತ್ತದಾ?

ಮಾರುವವನಿಗೆ ಇದ್ಯಾವುದರ ಪರಿವೆಯೂ ಇಲ್ಲ. "ಫೋರ್ ಬೈ ಫೋರ್ ಪಕ್ಕಾ ಅದರಿ" ಅಂತ ಡಾಂಬರ್ ರೋಡಿನ ಮೇಲೇ ಗೇರಿನ ಪಕ್ಕದ ಸಣ್ಣ ಲಿವರನ್ನು ನಾಲ್ಕೂ ಗಾಲಿ ಎಳೆಯುವ ಫೋರ್ ಎಚ್‌ಗೆ ಹಾಕಿ ಗರಕ್ಕನೆ ತಿರುಗಿಸಿದ. ಗಾಡಿ ಕಾಲು ಕಟ್ಟಿದ ಎತ್ತಿನ ಹಾಗೆ ಮುಗ್ಗರಿಸಿತು. ಕಾಕಾ "ಏ, ತೆಗಿ ತೆಗಿ!" ಅಂತ ಕೂಗಿದರು. ಇಂಥ ಗಾಡಿಯಲ್ಲಿ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಆದರೆ ಲಿವರ್ ಹಾಕಿದ ಮೇಲೆ ಎರಡೂ ಕಡೆ ಒಂದೇ ಸಮ ತಿರುಗುತ್ತದೆ. ಸಡಿಲ ಮಣ್ಣಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಎಲ್ಲಿ ಜಾರಬೇಕು? ಆ ಜಗ್ಗಾಟವೆಲ್ಲಾ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಅಂದರೆ ಆಫೀಸಿಗೆ, ಸೂಪರ್ ಮಾರ್ಕೆಟ್‌ಗೆ, ಮಗಳ ಶಾಲೆಗೆ ಓಡಾಡುವಾಗ ಇದು ಬರೀ ಹಿಂದಿನ ಎರಡು ಗಾಲಿಯ ಗಾಡಿ. ನಾಲ್ಕು ಗಾಲಿಯ ಭಾರ ಹೊತ್ತುಕೊಂಡು, ಎರಡು ಗಾಲಿಯ ಕೆಲಸ.

ಹೊಸ ಆಕಾರದ್ದು ನೋಡು ಅನ್ನಬೇಡ. 2020ರಲ್ಲಿ ಬಂದದ್ದು ಒಳ್ಳೆಯದೇ, ಗಾಡಿ ಗುದ್ದಿಸಿ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ಸ್ಟಾರ್ ಕೊಟ್ಟಿದೆ, ಆದರೆ ನನ್ನ ಜೇಬಿಗೆ ಎಟಕುವುದಿಲ್ಲ. 2023ರ ಜನವರಿಯಿಂದ ಬರೀ ಹಿಂದಿನ ಗಾಲಿ ಎಳೆಯುವ ಥಾರ್ ಕೂಡ ಬಂದಿದೆ. ನೀನು ಯಾವತ್ತಾದರೂ ನೋಡಲು ಹೋದರೆ ಮೊದಲು ಆ ಸಣ್ಣ ಲಿವರ್ ಹುಡುಕು.

ಇನ್ನು ಎರೆಮಣ್ಣಿನ ವಿಷಯ. ನಿಮ್ಮ ಬೀದರ್‌ನ ಕೆಂಪು ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನಡೆದಾಡಬಹುದು. ನಮ್ಮ ಎರೆ ಹಾಗಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ನಾಲ್ಕು ಹೆಜ್ಜೆಗೆ ಚಪ್ಪಲಿ ರೊಟ್ಟಿ ಹಂಚಿನಷ್ಟು ಅಗಲ ಆಗುತ್ತದಲ್ಲ, ಟೈರಿಗೂ ಅದೇ ಗತಿ. ಟೈರಿನ ಕಚ್ಚುಗಳಲ್ಲೆಲ್ಲಾ ಮಣ್ಣು ತುಂಬಿ ಗಾಲಿ ಬೋಳಾಗುತ್ತದೆ. ಆಮೇಲೆ ಎರಡು ಗಾಲಿ ನಿಂತಲ್ಲೇ ತಿರುಗುವ ಕಡೆ ನಾಲ್ಕು ತಿರುಗುತ್ತವೆ, ಅಷ್ಟೇ. ಕಚ್ಚು ಅಗಲವಿರುವ ಮಡ್ ಟೈರ್ ಹಾಕಿದರೆ ಮಣ್ಣನ್ನು ಒದರಿಕೊಂಡು ಹೋಗುತ್ತದೆ. ಆದರೆ ಅದೇ ಟೈರ್ ಡಾಂಬರ್ ಮೇಲೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತದೆ, ಒದ್ದೆ ರೋಡಿನಲ್ಲಿ ಬ್ರೇಕ್ ಹಾಕಿದರೆ ದೂರ ಹೋಗಿ ನಿಲ್ಲುತ್ತದೆ. ಹೊಲಕ್ಕೆ ಒಂದು ಟೈರ್, ಊರಿಗೆ ಒಂದು ಟೈರ್ ಅಂತ ದಿನಾ ಬದಲಿಸಲು ಆಗುತ್ತದಾ? ಕಾಗಿಣಾ ಹೊಳೆ ಉಕ್ಕಿ ಮಳಖೇಡದ ಸೇತುವೆ ಮುಳುಗಿದ ದಿನ ಅಂತೂ ಯಾವ ಟೈರೂ ಬೇಡ, ಮನೆಯಲ್ಲಿ ಇರಬೇಕು.

ರಾತ್ರಿ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ನನ್ನ ಓಡಾಟ 12,000 ಕಿಲೋಮೀಟರ್. ಈಗಿನ ಡೀಸೆಲ್ ಕಾರು ಲೀಟರಿಗೆ 20 ಕೊಡುತ್ತದೆ, ಹಳೆ ಥಾರ್ ಊರೊಳಗೆ 12 ಕೊಟ್ಟರೆ ನನ್ನ ಪುಣ್ಯ. ಅಂದರೆ 600 ಲೀಟರಿನ ಕಡೆ 1,000 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ವರ್ಷಕ್ಕೆ 36,000 ಜಾಸ್ತಿ. ಹೊಲದ ದಾರಿ ಕೆಡುವುದು ವರ್ಷಕ್ಕೆ ಹೆಚ್ಚೆಂದರೆ 20 ದಿನ. ದಿನಕ್ಕೆ 1,800 ಆಯಿತು. ಆ ದುಡ್ಡಿಗೆ ಟ್ರ್ಯಾಕ್ಟರಿನವನು ನನ್ನನ್ನು ಮಾವನ ಹಾಗೆ ಕೂರಿಸಿಕೊಂಡು ಹೊಲ ತೋರಿಸಿ ತರುತ್ತಾನೆ.

ಕಾಗದದ ಕಥೆ ಚಿಕ್ಕದಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಆರ್‌ಟಿಓ ಎನ್‌ಓಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಕೊಡಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ ನಮ್ಮ ಕಲಬುರಗಿಯ ಕೆಎ 32 ನಂಬರ್ ಮಾಡಿಸಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಲು ಅಲೆಯಬೇಕು. 15 ವರ್ಷದ ಲೆಕ್ಕದಲ್ಲಿ 2028ಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ ಪಾಸ್ ಮಾಡಿಸಿದರೆ ಇನ್ನು ಐದು ವರ್ಷ. ಲೋನ್ ತೀರಿದೆ ಅಂತಾನೆ, ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ಹಾಗೇ ಇದೆ.

ಇಷ್ಟೆಲ್ಲಾ ಗೊತ್ತಾದ ಮೇಲೂ ನಾನು ಏನು ಮಾಡಿದೆ ಹೇಳು? ಮನೆಯವರಿಗೆ ತೋರಿಸಿ ತರುತ್ತೇನೆ ಅಂತ ಗಾಡಿಯನ್ನು ಮನೆ ಬಾಗಿಲಿಗೆ ತಂದೆ! ನಿನ್ನ ವೈನಿ ಒಂದು ಸುತ್ತು ಹಾಕಿ, "ಏರ್‌ಬ್ಯಾಗ್ ಎಲ್ಲಿ?" ಅಂದಳು. ಇಲ್ಲ. "ಮಗಳು ಎಲ್ಲಿ ಕೂಡ್ತಾಳ?" ಹಿಂದೆ, ಎದುರುಬದುರು ಬೆಂಚಿನ ಮೇಲೆ, ಅಡ್ಡಲಾಗಿ. ಅವಳು ಮತ್ತೆ ಮಾತಾಡದೆ ಒಳಗೆ ಹೋದಳು. ಮೇ ತಿಂಗಳ 44 ಡಿಗ್ರಿಯಲ್ಲಿ ಆ ಬಟ್ಟೆ ಟಾಪಿನ ಕೆಳಗೆ ಹೇಗೆ ಅಂತ ಕೇಳಲಿಲ್ಲ, ಉಳಿದುಕೊಂಡೆ.

ಅವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ಬಂದಳು. ಅವಳ ಮೊಣಕಾಲು ನಿನಗೆ ಗೊತ್ತಲ್ಲ, ಗುಡಿ ಮೆಟ್ಟಿಲು ಹತ್ತಲೂ ಕೈ ಹಿಡಿಯಬೇಕು. ಇಷ್ಟು ಎತ್ತರ ಹೇಗೆ ಅಂತ ನಾನು ನೋಡುತ್ತಿದ್ದರೆ ಕಾಕಾ ಹಿಂದಿನ ಬೆಂಚಿನ ಕೆಳಗಿನಿಂದ ಒಂದು ಮಣೆ ಎಳೆದರು. ಯಾರದೋ ಅವ್ವನಿಗೆ ಅಂತಲೇ ಮಾಡಿಸಿದ್ದು. ನಡುವೆ ಕಾಲು ತುಳಿದು ಸವೆದು ಬಟ್ಟಲಿನ ಹಾಗೆ ತಗ್ಗಾಗಿತ್ತು. ಅವ್ವ ಅದರ ಮೇಲೆ ಕಾಲಿಟ್ಟು, ಮುಂದಿನ ಸೀಟಿನಲ್ಲಿ ಕೂತು, ನಮ್ಮೂರಿನ ಅಪ್ಪನ ಕೆರೆ ಸುತ್ತಿ ಬರುವ ತನಕ ಒಂದೂ ಮಾತಾಡಲಿಲ್ಲ. ಇಳಿಯುವಾಗ ಅಂದಳು, "ಎತ್ತರದಿಂದ ಊರು ಛಂದ ಕಾಣ್ತದ." ಮರುದಿನ ಬಡಿಗನಿಗೆ ಹೇಳಿ ಒಂದು ಸಾಗುವಾನಿ ಮಣೆ ಮಾಡಿಸಿಕೊಂಡಿದ್ದಾಳೆ. ಗಾಡಿ ಇಲ್ಲ, ಮಣೆ ಬಂದು ಬಾಗಿಲ ಹಿಂದೆ ನಿಂತಿದೆ.

ಆ ಗಾಡಿ ವಾಪಸ್ ಕೊಟ್ಟೆ. ಚಾಸಿ ಡಬ್ ಅಂದ ಮೇಲೆ ಬೇರೆ ಮಾತಿಲ್ಲ. ಮನೆಗೆ ಒಂದೇ ಗಾಡಿ ಅಂತಾದರೆ ಇಂಥದ್ದು ಬೇಡವೇ ಬೇಡ, ಇದು ನನ್ನ ಖಚಿತ ಅಭಿಪ್ರಾಯ. ಆದರೆ ಈಗಿನ ಕಾರನ್ನು ಮಾರದೆ, ಹೊಲಕ್ಕೆ ಮತ್ತು ಅವ್ವನ ಸೋಮವಾರದ ಗುಡಿಗೆ ಅಂತ ಒಂದು ಅಗ್ಗದ ಹಳೆ ಮಾರುತಿ ಜಿಪ್ಸಿ ಜೀಪ್ ಇಟ್ಟುಕೊಂಡರೆ? ಪೆಟ್ರೋಲ್ ನಿಜ. ಆದರೆ ಥಾರಿನಷ್ಟು ಭಾರ ಇಲ್ಲ, ಸುಮಾರು ಒಂದು ಟನ್. ಎರೆಯಲ್ಲಿ ಹಗುರ ಇದ್ದಷ್ಟೂ ಕಡಿಮೆ ಹೂಳುತ್ತದೆ ಅಂತ ಕಾಕಾ ಹೇಳುತ್ತಾರೆ. ನಕ್ಕೆಯಾ? ನಗು.

ನಿಮ್ಮ ಬೀದರ್‌ನಲ್ಲೇ ಒಂದು ಇದೆಯಂತೆ, ಕೆಎ 38 ನಂಬರ್, ಒಬ್ಬರೇ ಓನರ್. ವಿಳಾಸ ಬೇರೆ ಕಳಿಸುತ್ತೇನೆ. ನನಗಿಂತ ಮೊದಲು ನೀನು ಹೋಗಿ ನೋಡು. ಒಂದು ಪಾನಾ, ಒಂದು ಗೋಣಿತಟ್ಟು ತಗೊಂಡು ಹೋಗು. ಬೆಳಗ್ಗೆ ಬೇಗ ಹೋಗು. ಬರ್ತೀನಿ ಅಂತ ಫೋನ್ ಮಾತ್ರ ಮಾಡಬೇಡ.

ನಿನ್ನ ದೋಸ್ತ
ಕಲಬುರಗಿ